ಫೋನೋ ಪ್ರಿಆಂಪ್‌ಗೆ ±15 ವೋಲ್ಟ್ ಸಪ್ಲೈ: 317/337 ಹಾಕಿದರೂ ಗುಂಯ್ ಸದ್ದು ಯಾಕೆ?

ಬೆಸುಗೆಕಡ್ಡಿ

ಆರು ಎನ್‌ಇ5532 (ಆಪ್‌ಆಂಪ್ ಐಸಿ) ಇರುವ ಪ್ರಿಆಂಪ್. ಮೂವಿಂಗ್ ಮ್ಯಾಗ್ನೆಟ್ ಫೋನೋ ಸ್ಟೇಜ್ (ರೆಕಾರ್ಡ್ ಪ್ಲೇಯರಿನ ಸೂಜಿತಲೆ, ಅಂದರೆ ಕಾರ್ಟ್ರಿಜ್ ಕೊಡುವ ಸಣ್ಣ ಸಿಗ್ನಲನ್ನು ಏರಿಸುವ ಭಾಗ), ಟೋನ್ ಕಂಟ್ರೋಲ್, ಔಟ್‌ಪುಟ್ ಬಫರ್. ಸಪ್ಲೈ ವಿವರ: 15-0-15 ವೋಲ್ಟ್ 750 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡಿನ ಬ್ರಿಜ್, ಪ್ರತಿ ರೈಲಿಗೆ (ಪ್ಲಸ್, ಮೈನಸ್ ಸಪ್ಲೈ ಸಾಲಿಗೆ) 2200 ಎಂಎಫ್‌ಡಿ (ಮೈಕ್ರೋಫ್ಯಾರಡ್) 35 ವೋಲ್ಟ್ ಫಿಲ್ಟರ್ ಕೆಪಾಸಿಟರ್, ಪ್ಲಸ್‌ಗೆ ಎಲ್‌ಎಂ317 ಮತ್ತು ಮೈನಸ್‌ಗೆ ಎಲ್‌ಎಂ337 ರೆಗ್ಯುಲೇಟರ್. ವೋಲ್ಟೇಜ್ ಹೊಂದಿಸಲು ಎರಡಕ್ಕೂ 240 ಓಂ ಮತ್ತು 2.7 ಕಿಲೋಓಂ. ಔಟ್‌ಪುಟ್‌ನಲ್ಲಿ ಒಂದೊಂದು 104 ಡಿಸ್ಕ್ (0.1 ಎಂಎಫ್‌ಡಿ ಕೆಪಾಸಿಟರ್), ಬೇರೇನೂ ಇಲ್ಲ. ಎಲ್ಲವೂ ಚುಕ್ಕಿ ಬೋರ್ಡಿನ ಮೇಲೆ.

ಲೈನ್ ಇನ್‌ಪುಟ್‌ನಲ್ಲಿ ಹಗಲು ಹೊತ್ತು ಸದ್ದಿಲ್ಲ. ಫೋನೋಗೆ ತಿರುಗಿಸಿದರೆ ಗುಂಯ್ ಅನ್ನುತ್ತೆ, ಇನ್‌ಪುಟ್ ಶಾರ್ಟ್ ಮಾಡಿದರೂ ಅಷ್ಟೇ. ಸಂಜೆ ಏಳರ ಮೇಲೆ ಇನ್ನೂ ಜೋರು, ಆಗ ಲೈನ್‌ನಲ್ಲೂ ಕೇಳುತ್ತೆ. ಫಿಲ್ಟರ್ 4700 ಮಾಡಿದರೆ ಹೋಗುತ್ತಾ? ಇಲ್ಲಾ 7815/7915 (ಸ್ಥಿರ 15 ವೋಲ್ಟಿನ ರೆಗ್ಯುಲೇಟರ್) ಹಾಕಿಬಿಡಲಾ?

ಮಲೆನಾಡ_ಓಂ

ಸಂಜೆ ಜೋರಾಗುತ್ತೆ ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಇದು ಒಂದು ತೊಂದರೆ ಅಲ್ಲ, ಎರಡು. ಮೊದಲು ಸಂಜೆಯದ್ದನ್ನು ನೋಡೋಣ.

15 ವೋಲ್ಟ್ ಎಸಿಯ ಶಿಖರ 15 × 1.414, ಅಂದರೆ 21.2. ಡಯೋಡ್‌ನಲ್ಲಿ 0.9 ಕಳೆದರೆ 20.3. ನಿಮ್ಮ ಆರು ಐಸಿ ಒಂದೊಂದು 8 ಮಿಲಿಆಂಪ್ ಎಳೆದರೂ 50ರ ಹತ್ತಿರ. ಡೇಟಾಶೀಟಿನ ಗರಿಷ್ಠ 16ರ ಲೆಕ್ಕದಲ್ಲಿ ಸುಮಾರು 100. ಲೋಡು, ಇಂಡಿಕೇಟರ್ ಎಲ್ಲಾ ಸೇರಿಸಿ 150 ಮಿಲಿಆಂಪ್ ಅಂತ ಇಟ್ಟುಕೊಳ್ಳಿ. 2200 ಎಂಎಫ್‌ಡಿ ಮೇಲೆ ರಿಪಲ್ (ಡಿಸಿ ಮೇಲೆ ಉಳಿಯುವ ಏರಿಳಿತ): 0.15 × 0.01 ÷ 0.0022, ಸುಮಾರು 0.7 ವೋಲ್ಟ್. ಅಂದರೆ ರಿಪಲ್ಲಿನ ತಳ 19.6. ಔಟ್‌ಪುಟ್ 15 ಬೇಕು, ರೆಗ್ಯುಲೇಟರಿಗೆ 4.6 ಉಳೀತು. ಚೆನ್ನಾಗಿದೆ.

ಇದು ಮೇನ್ಸ್ 230 ಇದ್ದಾಗಿನ ಮಾತು. 207ಕ್ಕೆ ಇಳಿದರೆ ಅದೇ ತಳ 17.5. 190ಕ್ಕೆ ಇಳಿದರೆ 15.9, ರೆಗ್ಯುಲೇಟರಿಗೆ ಉಳಿಯೋದು 0.9 ವೋಲ್ಟ್. 317ರ ಡೇಟಾಶೀಟ್ ಭರವಸೆ ಕೊಡೋದು ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ 3 ವೋಲ್ಟ್ ಇದ್ದಾಗ. ಈ ಹೊರೆಗೆ 2ರ ತನಕ ಹೇಗೋ ತಡೆದುಕೊಳ್ಳುತ್ತೆ, ಅದರ ಕೆಳಗೆ ಅದು ರೆಗ್ಯುಲೇಟರ್ ಆಗಿ ಉಳಿಯಲ್ಲ. ರಿಪಲ್ಲಿನ ತಳ ಸೆಕೆಂಡಿಗೆ 100 ಸಲ ನೇರ ಆಂಪಿಗೆ ಹೋಗುತ್ತೆ. ಕೆಪಾಸಿಟರ್ ಮೇಲೆ ಬರೆದ 2200 ಕೂಡ ಶೇಕಡಾ 20 ಕಮ್ಮಿ ಇರಬಹುದು, ಅದು ತಪ್ಪಲ್ಲ, ಅದರ ಟಾಲರೆನ್ಸ್. ನಿಮ್ಮ 240/2.7 ಕಿಲೋ ಜೋಡಿ ಕೊಡೋದು 15 ಅಲ್ಲ, 15.4ರ ಮೇಲೆ. ಅಲ್ಲೂ ಅರ್ಧ ವೋಲ್ಟ್ ಹೋಯಿತು.

18-0-18 ತನ್ನಿ. ಅದೇ 190ರಲ್ಲಿ ತಳ 19.4 ಸಿಗುತ್ತೆ, 4.4 ವೋಲ್ಟ್ ಅಂತರ. 15-0-15 ಅನ್ನೇ ಇಟ್ಟುಕೊಳ್ಳಬೇಕು ಅಂದರೆ ಔಟ್‌ಪುಟ್ ±12ಕ್ಕೆ ಇಳಿಸಿ. 5532ಗೆ ±12 ಯಾವ ಕೊರತೆಯೂ ಅಲ್ಲ, ಪ್ರಿಆಂಪಿನಲ್ಲಿ ಅಷ್ಟು ಸ್ವಿಂಗ್ ಯಾರೂ ಬಳಸಲ್ಲ.

ಬೆಸುಗೆಕಡ್ಡಿ

18-0-18ಕ್ಕೆ ಹೋಗ್ತೀನಿ ಸರ್. 25 ವೋಲ್ಟ್ ತಾನೇ ಬರೋದು, 35 ವೋಲ್ಟ್ ಕೆಪಾಸಿಟರ್ ಹಾಗೇ ಇರಲಿ ಅಲ್ವಾ?

ಮಲೆನಾಡ_ಓಂ

ಬೇಡ. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ 18 ಪೂರ್ತಿ ಹೊರೆಯಲ್ಲಿ ಬರುವ ವೋಲ್ಟೇಜ್. ಸಣ್ಣ ಟ್ರಾನ್ಸ್‌ಫಾರ್ಮರುಗಳು ಹೊರೆ ಇಲ್ಲದಾಗ ಶೇಕಡಾ 20 ಮೇಲೆ ಹೋಗೋದು ಮಾಮೂಲು: 21.6. ಮಧ್ಯರಾತ್ರಿ ಮೇನ್ಸ್ 253 ಮುಟ್ಟಿದರೆ 23.8. ಅದರ ಶಿಖರ 33 ದಾಟುತ್ತೆ. 35ರ ಕೆಪಾಸಿಟರನ್ನು ಅಂಚಿನಲ್ಲಿ ನಿಲ್ಲಿಸಿದಂತೆ. 50 ವೋಲ್ಟಿನದೇ ಹಾಕಿ, 105 ಡಿಗ್ರಿ ಅಂತ ಬರೆದಿರೋದು. ರೆಗ್ಯುಲೇಟರಿಗೆ ಚಿಂತೆ ಇಲ್ಲ, ಅದು ಇನ್‌ಪುಟ್-ಔಟ್‌ಪುಟ್ ನಡುವೆ 40 ವೋಲ್ಟ್ ತನಕ ತಾಳುತ್ತೆ.

ಬಿಸಿಯನ್ನೂ ನೋಡಿ. 253ರಲ್ಲಿ ರೆಗ್ಯುಲೇಟರ್ ಮೇಲೆ ಸುಮಾರು 12 ವೋಲ್ಟ್, 150 ಮಿಲಿಆಂಪ್, ಅಂದರೆ 1.8 ವಾಟ್. ಹೀಟ್‌ಸಿಂಕ್ ಇಲ್ಲದ ಟಿಒ-220 (ಈ ರೆಗ್ಯುಲೇಟರುಗಳ ಕವಚ) ಒಂದು ವಾಟಿಗೆ ಸುಮಾರು 50 ಡಿಗ್ರಿ ಏರುತ್ತೆ. ಡಬ್ಬಿಯ ಒಳಗೆ 35 ಡಿಗ್ರಿ ಇದ್ದರೆ ಒಳಗಿನ ಚಿಪ್ 125ಕ್ಕೆ ತಾಗಿತು. ವಾಟಿಗೆ 10 ಡಿಗ್ರಿಯ ಸಣ್ಣ ಹೀಟ್‌ಸಿಂಕ್ ಸಾಕು, ಬೆರಳಿಟ್ಟರೆ ಬೆಚ್ಚಗಿರುತ್ತೆ ಅಷ್ಟೇ.

ಎಸ್‌ಪಿರೋಡ್_317

ಹೀಟ್‌ಸಿಂಕ್ ವಿಷಯ ಬಂತಲ್ಲ, ಎರಡನ್ನೂ ಒಂದೇ ತುಂಡಿನ ಮೇಲೆ ಸ್ಕ್ರೂ ಮಾಡೋರು ಎಚ್ಚರ. 317ರ ಬೆನ್ನಿನ ಲೋಹ ಔಟ್‌ಪುಟ್. 337ರ ಬೆನ್ನು ಇನ್‌ಪುಟ್. ಮಧ್ಯೆ ಮೈಕಾ ವಾಷರ್, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಇಲ್ಲದೆ ಕೂರಿಸಿದರೆ +15 ರೈಲು ನೇರ ಮೈನಸ್ 24ಕ್ಕೆ ಅಂಟಿಕೊಂಡಂತೆ. ಬಿಗಿ ಮಾಡಿದ ಮೇಲೆ ಮೀಟರನ್ನು ಬೀಪ್‌ಗೆ ಇಟ್ಟು ಬೆನ್ನಿನಿಂದ ಹೀಟ್‌ಸಿಂಕಿಗೆ ಮುಟ್ಟಿಸಿ, ಸದ್ದು ಬರಬಾರದು.

ಕಾಲುಗಳೂ ಬೇರೆ. ಅಕ್ಷರ ನಿಮ್ಮ ಕಡೆ ಇರುವಂತೆ ಹಿಡಿದರೆ, ಎಡದಿಂದ 317: ಅಡ್ಜಸ್ಟ್, ಔಟ್, ಇನ್. 337: ಅಡ್ಜಸ್ಟ್, ಇನ್, ಔಟ್. ಒಂದರ ಕನ್ನಡಿ ಬಿಂಬದ ಹಾಗೆ ಇನ್ನೊಂದನ್ನು ಜೋಡಿಸುವುದೇ ಈ ಸಪ್ಲೈಯಲ್ಲಿ ಅತಿ ಹೆಚ್ಚು ಆಗುವ ತಪ್ಪು.

ಈಗ ರೆಸಿಸ್ಟರ್. 240 ಓಂ ಅಂದರೆ 1.25 ÷ 240, ಬರೀ 5.2 ಮಿಲಿಆಂಪ್. 317ಕ್ಕೂ 337ಕ್ಕೂ ನಿಯಂತ್ರಣದಲ್ಲಿರೋಕೆ ಕನಿಷ್ಠ ಹೊರೆ ಬೇಕು, 10 ಮಿಲಿಆಂಪ್ ಕೊಟ್ಟರೆ ಯಾವ ಪೀಸೂ ತಕರಾರು ಮಾಡಲ್ಲ. 120 ಓಂ ಹಾಕಿ, 10.4 ಆಗುತ್ತೆ. ಕೆಳಗಿನದು 1.2 ಕಿಲೋ ಮತ್ತು 120 ಓಂ ಸೀರೀಸ್, ಒಟ್ಟು 1320. ಲೆಕ್ಕ 1.25 × 12 = 15, ಅಡ್ಜಸ್ಟ್ ಕಾಲಿನ 50 ಮೈಕ್ರೋಆಂಪ್ ಇನ್ನೊಂದು 0.07 ಸೇರಿಸುತ್ತೆ. ಶೇಕಡಾ 1ರ ಮೆಟಲ್ ಫಿಲ್ಮ್ ತಗೊಳ್ಳಿ, ಟ್ರಿಮ್‌ಪಾಟ್ ಹಾಕಬೇಡಿ. ಪಾಟಿನ ಜಾರುಕಾಲು ಸಂಪರ್ಕ ತಪ್ಪಿದರೆ ಔಟ್‌ಪುಟ್ ಇನ್‌ಪುಟ್ಟಿನ ಹತ್ತಿರ ಹಾರುತ್ತೆ, ಆರೂ ಐಸಿ ಒಟ್ಟಿಗೆ ಹೋಗುತ್ತವೆ.

120 ಓಂನ ಮೇಲಿನ ಕಾಲನ್ನು ಐಸಿಯ ಔಟ್ ಕಾಲಿಗೇ ಬೆಸೆಯಿರಿ, ಎರಡಿಂಚು ಆಚೆ ಬೇಡ. ನಡುವಿನ ತಂತಿಯಲ್ಲಿ ಬಿದ್ದ ವೋಲ್ಟೇಜ್ ಔಟ್‌ಪುಟ್‌ನಲ್ಲಿ 12 ಪಟ್ಟಾಗಿ ಕಾಣುತ್ತೆ. 1320ರ ಕೆಳಗಿನ ತುದಿ ಮಾತ್ರ ಹೊರೆಯ ಗ್ರೌಂಡಿಗೆ.

ಧಾರವಾಡ_ಡಯೋಡ್

ಅಡ್ಜಸ್ಟ್ ಕಾಲಿನ ಕೆಪಾಸಿಟರ್ ಯಾರೂ ಹೇಳಲೇ ಇಲ್ಲಲ್ರಿ. ಅಡ್ಜಸ್ಟ್‌ನಿಂದ ಗ್ರೌಂಡಿಗೆ 10 ಎಂಎಫ್‌ಡಿ ಹಾಕ್ರಿ. ಹತ್ತು ರೂಪಾಯಿನೂ ಆಗೂದಿಲ್ಲ, 317ರ ರಿಪಲ್ ತಡೆ 65 ಡಿಬಿಯಿಂದ 80ಕ್ಕ ಏರತೈತಿ. ಕಾರಣ ಸರಳ ಐತ್ರಿ. ಆ ಕೆಪಾಸಿಟರ್ ಇಲ್ಲಂದ್ರ ಅಡ್ಜಸ್ಟ್ ಕಾಲು ಔಟ್‌ಪುಟ್ಟಿನ 12ನೇ ಒಂದು ಭಾಗ ಅಷ್ಟ ನೋಡತೈತಿ, ತಪ್ಪನ್ನ 12 ಪಟ್ಟು ಬಿಡತೈತಿ. ಕೆಪಾಸಿಟರ್ ಇದ್ರ 100 ಹರ್ಟ್ಸ್‌ಗೆ ಅದು ಗ್ರೌಂಡಿಗೆ ಕಟ್ಟಿದಂಗ, ಪೂರ್ತಿ ತಪ್ಪು ಕಾಣತೈತಿ.

ಅದನ್ನ ಹಾಕಿದ ಮ್ಯಾಲ ಡಯೋಡ್ ಮರೀಬ್ಯಾಡ್ರಿ. ಔಟ್‌ಪುಟ್ ಶಾರ್ಟ್ ಆದ್ರ ಆ 10 ಎಂಎಫ್‌ಡಿ ತನ್ನ ಚಾರ್ಜೆಲ್ಲಾ ಅಡ್ಜಸ್ಟ್ ಕಾಲಿನೊಳಗ ಸುರೀತೈತಿ. 317ಕ್ಕ ಅಡ್ಜಸ್ಟ್‌ನಿಂದ ಔಟ್‌ಪುಟ್ಟಿಗೆ ಒಂದು 1ಎನ್4007, ಪಟ್ಟಿ (ಡಯೋಡಿನ ಮೈಮ್ಯಾಲಿನ ಗೆರಿ) ಔಟ್‌ಪುಟ್ ಕಡೆ. ಔಟ್‌ಪುಟ್‌ನಿಂದ ಇನ್‌ಪುಟ್ಟಿಗೆ ಇನ್ನೊಂದು, ಪಟ್ಟಿ ಇನ್‌ಪುಟ್ ಕಡೆ. 337ಕ್ಕ ಎರಡನ್ನೂ ಉಲ್ಟಾ.

ಮೂರನೇದು ಬಾಳ ಮಂದಿ ಬಿಡೂದು: ಪ್ರತಿ ಔಟ್‌ಪುಟ್‌ನಿಂದ ಗ್ರೌಂಡಿಗೆ ಒಂದು ಡಯೋಡ್. ಪ್ಲಸ್ ರೈಲಿಗೆ ಪಟ್ಟಿ ಪ್ಲಸ್ ಕಡೆ, ಮೈನಸ್ ರೈಲಿಗೆ ಪಟ್ಟಿ ಗ್ರೌಂಡ್ ಕಡೆ. ಸ್ವಿಚ್ ಹಾಕಿದಾಗ ಒಂದು ರೈಲು ಮೊದಲು ಏಳತೈತಿ, ಆಂಪಿನ ಮುಖಾಂತರ ಇನ್ನೊಂದನ್ನ ಉಲ್ಟಾ ದಿಕ್ಕಿಗೆ ಎಳೀತೈತಿ, ಆ ರೆಗ್ಯುಲೇಟರ್ ಏಳೂದ ಇಲ್ಲ. ಹೊರೆ ತಗದ್ರ ಸರಿ, ಹೊರೆ ಹಚ್ಚಿದ್ರ ಮೈನಸ್ ಇಲ್ಲ ಅನ್ನೂ ದೂರು ಬಂದ್ರ ಇದನ್ನ ಮೊದಲು ನೋಡ್ರಿ.

ಎಸ್‌ಪಿರೋಡ್_317

ಒಪ್ಪಿದೆ. ಅವರ ಔಟ್‌ಪುಟ್‌ನಲ್ಲಿ 104 ಒಂದೇ ಇದೆ, ಅದೂ ಸಾಲದು. 337ಕ್ಕೆ ಔಟ್‌ಪುಟ್ ಕೆಪಾಸಿಟರ್ ಬೇಕೇ ಬೇಕು: 1 ಎಂಎಫ್‌ಡಿ ಟ್ಯಾಂಟಲಮ್ ಅಥವಾ 10 ಎಂಎಫ್‌ಡಿ ಸಾಮಾನ್ಯ ಎಲೆಕ್ಟ್ರೋಲಿಟಿಕ್, ಐಸಿಯ ಕಾಲಿಗೆ ಒತ್ತಿ. ಇಲ್ಲದಿದ್ದರೆ ಅದು ಆಸಿಲೇಟ್ ಆಗುತ್ತೆ. 317 ಆಸಿಲೇಟ್ ಆಗಲ್ಲ, ಆದರೆ 500ರಿಂದ 5000 ಪಿಕೋಫ್ಯಾರಡ್ ನಡುವಿನ ಬಿಡಿ ಕೆಪಾಸಿಟರ್ ಔಟ್‌ಪುಟ್‌ನಲ್ಲಿದ್ದರೆ ಗಂಟೆ ಹೊಡೆದ ಹಾಗೆ ಕಂಪಿಸುತ್ತೆ. ಎರಡಕ್ಕೂ 47 ಎಂಎಫ್‌ಡಿ 25 ವೋಲ್ಟ್ ಸಾದಾ ಎಲೆಕ್ಟ್ರೋಲಿಟಿಕ್ ಹಾಕಿದರೆ ಮುಗೀತು.

ನೂರುಹರ್ಟ್ಸ್

ಸಾದಾ ಯಾಕೆ? ಆಡಿಯೋಗೆ ಲೋ ಇಎಸ್‌ಆರ್ (ಒಳಗಿನ ರೋಧ ಕಮ್ಮಿ ಇರುವ) ಪಾಲಿಮರ್ ಕೆಪಾಸಿಟರ್ ಒಳ್ಳೆಯದಲ್ಲವೇ? 317ಕ್ಕೆ ನಾಯ್ಸ್ ಜಾಸ್ತಿ ಅಂತಲೂ ಕೇಳಿದ್ದೇನೆ.

ಮಲೆನಾಡ_ಓಂ

ಇಲ್ಲಿ ಲೋ ಇಎಸ್‌ಆರ್ ತಿರುಗುಬಾಣ. ಆವರ್ತನ ಏರಿದಂತೆ 317ರ ಒಳಗಿನ ಗೇನ್ ಇಳಿಯುತ್ತೆ, ಹಾಗಾಗಿ ಅದರ ಔಟ್‌ಪುಟ್ ಇಂಪಿಡೆನ್ಸ್ ಒಂದು ಕಾಯಿಲ್‌ನಂತೆ ನಡೆದುಕೊಳ್ಳುತ್ತೆ. ಕಾಯಿಲ್ ಪಕ್ಕ ಶುದ್ಧ ಕೆಪಾಸಿಟರ್ ಇಟ್ಟರೆ ಅನುರಣನ. ಸಾದಾ ಎಲೆಕ್ಟ್ರೋಲಿಟಿಕ್‌ನ ಒಳಗಿನ ಅರ್ಧ ಓಂ, ಒಂದು ಓಂ ರೋಧವೇ ಆ ಅನುರಣನವನ್ನು ನುಂಗುತ್ತೆ. ದುಬಾರಿ ಕೆಪಾಸಿಟರ್ ಹಾಕಿ ಕೆಡಿಸಬೇಡಿ.

ನಾಯ್ಸ್: ಡೇಟಾಶೀಟ್ ಪ್ರಕಾರ 10 ಹರ್ಟ್ಸ್‌ನಿಂದ 10 ಕಿಲೋಹರ್ಟ್ಸ್‌ವರೆಗೆ ಔಟ್‌ಪುಟ್ಟಿನ ಶೇಕಡಾ 0.003. 15 ವೋಲ್ಟಿಗೆ 450 ಮೈಕ್ರೋವೋಲ್ಟ್, ಅಡ್ಜಸ್ಟ್ ಕೆಪಾಸಿಟರ್ ಇದ್ದರೆ ಇನ್ನೂ ಕಮ್ಮಿ. 5532ರ ಸಪ್ಲೈ ತಡೆ ತಗ್ಗಿನ ಆವರ್ತನದಲ್ಲಿ 100 ಡಿಬಿ, ಅಂದರೆ ಲಕ್ಷದಲ್ಲಿ ಒಂದು ಪಾಲು ಒಳಗೆ ಬರುತ್ತೆ. ಹಿಸ್ ಕೇಳಿಸಿದರೆ ಅದು ಕಾರ್ಟ್ರಿಜ್ ಮತ್ತು ಮೊದಲ ಸ್ಟೇಜಿನ ರೆಸಿಸ್ಟರುಗಳದ್ದು. 7815/7915 ಕೂಡ ಈ ಪ್ರಿಆಂಪನ್ನು ನಡೆಸುತ್ತವೆ. 317 ಬಳಸೋದಕ್ಕೆ ನನಗೆ ಕಾಣುವ ಕಾರಣ ಆ ಅಡ್ಜಸ್ಟ್ ಕೆಪಾಸಿಟರ್ ಒಂದೇ.

ಬೆಸುಗೆಕಡ್ಡಿ

18-0-18, 50 ವೋಲ್ಟ್ ಕೆಪಾಸಿಟರ್, 120/1320, ಡಯೋಡುಗಳು, 10 ಮತ್ತು 47 ಎಂಎಫ್‌ಡಿ ಎಲ್ಲಾ ಹಾಕಿ ಆಯಿತು. +15.06, ಮೈನಸ್ 15.11. ಲೈನ್ ಇನ್‌ಪುಟ್‌ನಲ್ಲಿ ಸಂಜೆಯ ಸದ್ದು ಪೂರ್ತಿ ಹೋಗಿದೆ. ಫೋನೋದಲ್ಲಿ ಗುಂಯ್ ಅಷ್ಟೇ ಇದೆ. ರೈಲುಗಳ ಮೇಲೆ ಅಳೆಯುವಷ್ಟು ರಿಪಲ್ ಇಲ್ಲ. ಎಡಗಡೆ ಚಾನೆಲ್‌ನಲ್ಲಿ ಜಾಸ್ತಿ.

ಸ್ಟಾರ್‌ಗ್ರೌಂಡ್

ಹಾಗಾದರೆ ಸದ್ದು ರೈಲುಗಳಿಂದ ಬರುತ್ತಿಲ್ಲ, ಗ್ರೌಂಡಿನಿಂದ ಬರುತ್ತಿದೆ. ರೆಗ್ಯುಲೇಟರ್ ಎಷ್ಟೇ ಒಳ್ಳೆಯದಿದ್ದರೂ ಗ್ರೌಂಡ್ ತಂತಿಯನ್ನು ಅದು ಸರಿಮಾಡಲಾರದು. ಬೋರ್ಡಿನ ಕೆಳಭಾಗದ ಫೋಟೋ ಹಾಕಿ.

ಮೊದಲು ಫೋನೋ ಯಾಕೆ ಇಷ್ಟು ಸೂಕ್ಷ್ಮ ಅಂತ ನೋಡಿ. 1 ಕಿಲೋಹರ್ಟ್ಸ್‌ನಲ್ಲಿ 40 ಡಿಬಿ ಗೇನ್ ಇದ್ದರೆ ಆರ್‌ಐಎಎ ತಿದ್ದುಪಡಿಯಿಂದ (ರೆಕಾರ್ಡಿನಲ್ಲಿ ತಗ್ಗಿಸಿ ಕೊರೆದ ಬಾಸನ್ನು ಮತ್ತೆ ಏರಿಸುವುದು) 100 ಹರ್ಟ್ಸ್‌ನಲ್ಲಿ 53 ಡಿಬಿ, 50 ಹರ್ಟ್ಸ್‌ನಲ್ಲಿ 57. 100 ಹರ್ಟ್ಸ್‌ಗೆ ಸುಮಾರು 450 ಪಟ್ಟು. ಇನ್‌ಪುಟ್ ಗ್ರೌಂಡಿನಲ್ಲಿ 10 ಮೈಕ್ರೋವೋಲ್ಟ್ ಸೇರಿಕೊಂಡರೆ ಔಟ್‌ಪುಟ್‌ನಲ್ಲಿ 4.5 ಮಿಲಿವೋಲ್ಟ್, ಕಿವಿಗೆ ಚೆನ್ನಾಗಿಯೇ ಕೇಳುತ್ತೆ.

ಆ 10 ಮೈಕ್ರೋವೋಲ್ಟ್ ಎಲ್ಲಿಂದ? ಡಯೋಡುಗಳು ಫಿಲ್ಟರ್ ಕೆಪಾಸಿಟರನ್ನು ತುಂಬೋದು ಪ್ರತಿ ಅರ್ಧ ಸೈಕಲ್ಲಿನ ತುದಿಯ ಒಂದೆರಡು ಮಿಲಿಸೆಕೆಂಡಿನಲ್ಲಿ. 150 ಮಿಲಿಆಂಪ್ ಸರಾಸರಿ ಬೇಕು ಅಂದರೆ ಆ ಕ್ಷಣದಲ್ಲಿ 1 ಆಂಪ್‌ನಷ್ಟು ಹರಿಯಬೇಕು. 0.5 ಚದರ ಮಿಲಿಮೀಟರ್ ತಾಮ್ರದ ತಂತಿ 10 ಸೆಂಟಿಮೀಟರಿಗೆ 3.4 ಮಿಲಿಓಂ. 1 ಆಂಪ್ ಹರಿದರೆ 3.4 ಮಿಲಿವೋಲ್ಟ್. ನಿಮ್ಮ ಕಾರ್ಟ್ರಿಜ್ ಕೊಡುವ ಪೂರ್ತಿ ಸಿಗ್ನಲ್ 5 ಮಿಲಿವೋಲ್ಟ್! ಈ ತಂತಿಯ ಎರಡು ತುದಿಗಳಲ್ಲಿ ಎಲ್ಲೋ ಒಂದೊಂದು ಕಡೆ ಗ್ರೌಂಡ್ ಹಿಡಿದುಕೊಂಡರೆ ಏನಾಗುತ್ತೆ ಯೋಚಿಸಿ.

ಇದೇ ಕಾರಣಕ್ಕೆ 4700 ಹಾಕಿದರೆ ಗ್ರೌಂಡ್ ಹಮ್ ಕಮ್ಮಿ ಆಗಲ್ಲ. ರಿಪಲ್ ಇಳಿಯುತ್ತೆ, ಆದರೆ ತುಂಬುವ ಸಮಯ ಕುಗ್ಗುತ್ತೆ, ಪಲ್ಸ್ ಎತ್ತರವಾಗುತ್ತೆ.

ನೂರುಹರ್ಟ್ಸ್

ಅಂದರೆ ಸೆಂಟರ್ ಟ್ಯಾಪಿನ (ಟ್ರಾನ್ಸ್‌ಫಾರ್ಮರಿನ ನಡುವಿನ 0 ತುದಿಯ) ತಂತಿ ದಪ್ಪ ಮಾಡಬೇಕು, ಅಷ್ಟೇ ತಾನೇ?

ಸ್ಟಾರ್‌ಗ್ರೌಂಡ್

ಎಲ್ಲರೂ ಬೈಯೋದು ಸೆಂಟರ್ ಟ್ಯಾಪಿನ ತಂತಿಯನ್ನೇ. ಆದರೆ ಎರಡು ರೈಲಿನ ಹೊರೆ ಸಮ ಇದ್ದಾಗ ಅದರಲ್ಲಿ ಹೆಚ್ಚೇನೂ ಹರಿಯಲ್ಲ. ಒಂದೇ ಕ್ಷಣದಲ್ಲಿ ಮೇಲಿನ ಸುತ್ತು ಪ್ಲಸ್ ಕೆಪಾಸಿಟರನ್ನು, ಕೆಳಗಿನ ಸುತ್ತು ಮೈನಸ್ ಕೆಪಾಸಿಟರನ್ನು ತುಂಬುತ್ತೆ. ಒಂದರ ಕರೆಂಟ್ ಟ್ಯಾಪಿಗೆ ಬರುವುದು, ಇನ್ನೊಂದರದ್ದು ಟ್ಯಾಪಿನಿಂದ ಹೋಗುವುದು, ಕೂಡಿಸಿದರೆ ಸೊನ್ನೆ. ಪಲ್ಸ್ ಪೂರ್ತಿ ಹರಿಯುವುದು ಎರಡು ಕೆಪಾಸಿಟರುಗಳನ್ನು ಜೋಡಿಸುವ ಆ ತುಂಡಿನಲ್ಲಿ: ಪ್ಲಸ್ ಕೆಪಾಸಿಟರಿನ ನೆಗೆಟಿವ್ ಕಾಲಿನಿಂದ ಮೈನಸ್ ಕೆಪಾಸಿಟರಿನ ಪಾಸಿಟಿವ್ ಕಾಲಿಗೆ. ನಿಮ್ಮ ಬೋರ್ಡಿನಲ್ಲಿ ಅಡಗಿರುವ ತಪ್ಪು ಅಲ್ಲೇ ಇರಬೇಕು.

ಬೆಸುಗೆಕಡ್ಡಿ

ಫೋಟೋ ಹಾಕಿದ್ದೇನೆ. ಎರಡು ಕೆಪಾಸಿಟರ್ ಮಧ್ಯೆ ಆರು ಸೆಂಟಿಮೀಟರ್. ಚುಕ್ಕಿಗಳನ್ನು ಬೆಸುಗೆಯಿಂದಲೇ ಸೇರಿಸಿ ಮಾಡಿದ ಗೆರೆ. ಎಡ ಚಾನೆಲ್ ಗ್ರೌಂಡ್ ಪ್ಲಸ್ ಕೆಪಾಸಿಟರ್ ಬಳಿಯಿಂದ, ಬಲ ಚಾನೆಲ್ ಗ್ರೌಂಡ್ ಗೆರೆಯ ನಡುವಿನಿಂದ. ಕಾರ್ಟ್ರಿಜ್ ಗ್ರೌಂಡ್ ಬಲ ಚಾನೆಲ್ ಜೊತೆ.

ಸ್ಟಾರ್‌ಗ್ರೌಂಡ್

ಸಿಕ್ಕಿತು. ಸೀಸ-ತವರದ ಬೆಸುಗೆ ತಾಮ್ರಕ್ಕಿಂತ ಎಂಟು ಪಟ್ಟಿನಷ್ಟು ಹೆಚ್ಚು ರೋಧ ಒಡ್ಡುತ್ತೆ. ಬರೀ ಬೆಸುಗೆಯ ಗೆರೆ ಕರೆಂಟಿನ ದಾರಿಯಲ್ಲ. ಹೀಗೆ ಮಾಡಿ:

ಎರಡು ಫಿಲ್ಟರ್ ಕೆಪಾಸಿಟರುಗಳನ್ನು ಅಕ್ಕಪಕ್ಕ ತನ್ನಿ, ಗ್ರೌಂಡ್ ಕಾಲುಗಳು ಎದುರುಬದುರು ಇರುವಂತೆ ತಿರುಗಿಸಿ. ನಡುವೆ ಒಂದು ಸೆಂಟಿಮೀಟರ್ ಉಳಿದರೆ ಸಾಕು. 1.5 ಚದರ ಮಿಲಿಮೀಟರ್ ಮನೆ ವೈರಿಂಗ್ ತಂತಿಯ ಸಿಪ್ಪೆ ಸುಲಿದು, ಎಳೆಗಳನ್ನು ಹುರಿಮಾಡಿ, ಎರಡು ಕಾಲಿಗೂ ಸುತ್ತಿ ಬೆಸೆಯಿರಿ. ಸೆಂಟರ್ ಟ್ಯಾಪ್ ಈ ತುಂಡಿನ ನಡುವೆ ಬರಲಿ. ಅದೇ ನಡುವಿನಿಂದ ಇನ್ನೊಂದು ತಂತಿ ಎರಡು-ಮೂರು ಸೆಂಟಿಮೀಟರ್ ಆಚೆ ಹೋಗಿ ಒಂದು ಹೊಸ ಬಿಂದು ಮಾಡಲಿ. ಇಂಗ್ಲಿಷಿನ ಟಿ ಅಕ್ಷರದ ಆಕಾರ. ಪಲ್ಸ್ ಓಡಾಡುವುದು ಟಿಯ ತಲೆಯ ಮೇಲೆ, ಬಾಲದಲ್ಲಿ ಶಾಂತಿ. 1320 ಓಂಗಳ ತುದಿ, 10 ಎಂಎಫ್‌ಡಿ, 47 ಎಂಎಫ್‌ಡಿ, ಎರಡು ಚಾನೆಲ್ಲಿನ ಗ್ರೌಂಡ್, ಎಲ್ಲವೂ ಬಾಲದ ತುದಿಗೆ. ಟಿಯ ತಲೆಯನ್ನು ಬೇರೇನೂ ಮುಟ್ಟಬಾರದು. ಇಂಡಿಕೇಟರ್ ಎಲ್‌ಇಡಿಯನ್ನು ಪ್ಲಸ್‌ನಿಂದ ಮೈನಸ್ಸಿಗೆ ಹಾಕಿ, 4.7 ಕಿಲೋಓಂ, ಆಗ ಅದು ಗ್ರೌಂಡನ್ನೂ ಮುಟ್ಟಲ್ಲ.

ಧಾರವಾಡ_ಡಯೋಡ್

ಬಿಚ್ಚಿ ಮತ್ತ ಕಟ್ಟಾಕ ಹತ್ತೀರಿ ಅಂದ್ರ, ಮೇನ್ಸ್ ಕಡೆನೂ ಸರಿ ಮಾಡ್ರಿ. 18-0-18 1 ಆಂಪ್ ಅಂದ್ರ 36 ವಿಎ, ಪ್ರೈಮರಿಯೊಳಗ 160 ಮಿಲಿಆಂಪ್. ಸ್ಲೋ ಬ್ಲೋ 315 ಮಿಲಿಆಂಪ್ ಫ್ಯೂಸ್, ಫೇಸ್ ತಂತಿಯೊಳಗ, ಸ್ವಿಚ್ಚಿಗಿಂತ ಮೊದಲು. ಡಬ್ಬಿ ಲೋಹದ್ದಿದ್ರ ಮೂರನೇ ಪಿನ್ನಿನ ಹಸಿರು ತಂತಿ ರಿಂಗ್ ಲಗ್ಗಿನಿಂದ, ಪೇಂಟ್ ಕೆರದು, ಹಲ್ಲಿನ ವಾಷರ್ ಹಾಕಿ ಡಬ್ಬಿಗೆ ಬಿಗೀರಿ. ಆ ಸ್ಕ್ರೂ ಬ್ಯಾರೆ ಯಾವ ಕೆಲಸಕ್ಕೂ ಬಳಸಬಾರದು. ಹಮ್ ಹೋಗಲಿ ಅಂತ ಅರ್ಥ್ ಕಿತ್ತೂದು ಜೀವಕ್ಕ ಕುತ್ತು, ಅದನ್ನ ಯಾವತ್ತೂ ಮಾಡಬ್ಯಾಡ್ರಿ. ಗ್ರೌಂಡ್ ಲೂಪ್ ಇದ್ರ ಆಡಿಯೋ ಗ್ರೌಂಡ್ ಮತ್ತ ಡಬ್ಬಿ ನಡುವ 10 ಓಂ, ಅದಕ್ಕ ಪ್ಯಾರಲಲ್ 104, ಅದಕ್ಕ ಪ್ಯಾರಲಲ್ ಎದುರುಬದುರು ಕಟ್ಟಿದ ದಪ್ಪ ಡಯೋಡ್ ಜೋಡಿ, 35 ಆಂಪ್ ಬ್ರಿಜ್ ಇದ್ರ ಛಲೋ. ಡಬ್ಬಿಯ ಅರ್ಥ್ ಮಾತ್ರ ಗಟ್ಟಿ ಇರಬೇಕು.

ಮೊದಲ ಸಲ ಸ್ವಿಚ್ ಹಾಕೂವಾಗ ಸೀರೀಸ್ ಬೋರ್ಡಿನೊಳಗ (ಮೇನ್ಸ್ ಬಲ್ಬಿನ ಮುಖಾಂತರ ಹಾದು ಬರೂವಂಗ) 40 ವಾಟ್ ಫಿಲಮೆಂಟ್ ಬಲ್ಬ್. ಎಲ್‌ಇಡಿ ಬಲ್ಬ್ ನಡೆಯೂದಿಲ್ಲ. ಒಂದು ಸಲ ಮಿಂಚಿ ಮಂದ ಆದ್ರ ಸರಿ, ಉರೀತಾನ ಇದ್ರ ಶಾರ್ಟ್ ಐತಿ. ರೆಗ್ಯುಲೇಟರ್ ಹಚ್ಚೂಕಿಂತ ಮೊದಲ ಫಿಲ್ಟರ್ ಮ್ಯಾಲಿನ ವೋಲ್ಟೇಜ್ ಮತ್ತ ಪ್ಲಸ್-ಮೈನಸ್ ನೋಡ್ರಿ. ಆರಿಸಿದ ಮ್ಯಾಲ 1 ಕಿಲೋಓಂ 2 ವಾಟ್‌ನಿಂದ ಖಾಲಿ ಮಾಡ್ರಿ. ರೆಗ್ಯುಲೇಟರ್ ಹಾಕಿ ಪ್ರತಿ ರೈಲಿಗೆ 100 ಓಂ 5 ವಾಟ್ ಸಿಮೆಂಟ್ ರೆಸಿಸ್ಟರ್ ಕಟ್ಟಿ, ಬಲ್ಬ್ ತಗದು, ಹತ್ತು ನಿಮಿಷ ಬಿಡ್ರಿ. 150 ಮಿಲಿಆಂಪ್ ಹೊರೆ. 15 ಅಲ್ಲಾಡಬಾರದು. ಆಮ್ಯಾಲ ಖಾಲಿ ಸಾಕೆಟ್ಟಿನ 8ನೇ ಕಾಲಿಗೆ ಪ್ಲಸ್, 4ನೇದಕ್ಕ ಮೈನಸ್ ಬಂದದ್ದು ನೋಡಿ ಐಸಿ ಕೂಡಿಸ್ರಿ.

ಬೆಸುಗೆಕಡ್ಡಿ

ಟಿ ಆಕಾರದಲ್ಲಿ ಕಟ್ಟಿದೆ. 100 ಹರ್ಟ್ಸ್‌ನ ಆ ಗರಗರ ಹೋಯಿತು, ಎರಡೂ ಚಾನೆಲ್ ಒಂದೇ ಥರ. ಈಗ ಉಳಿದಿರೋದು ಬೇರೆ ಥರದ ಮೆತ್ತನೆಯ ದನಿ, ಇನ್ನೂ ಕೆಳಗಿನ ಸ್ವರ. ವಾಲ್ಯೂಮ್ ಪೂರ್ತಿ ಏರಿಸಿದರೆ ಮಾತ್ರ.

ಸ್ಟಾರ್‌ಗ್ರೌಂಡ್

ಕೆಳಗಿನ ಸ್ವರ, ಮೆತ್ತಗೆ ಅಂದರೆ 50 ಹರ್ಟ್ಸ್. ಇದು ಸಪ್ಲೈಯಿಂದಲ್ಲ, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಡಬ್ಬಿಯ ಪವರ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಪ್ರೈಮರಿಯ ಬೆಸುಗೆಗಳಿಗೆ ಹೀಟ್‌ಶ್ರಿಂಕ್ ಹಾಕಿರುವುದನ್ನು ಖಾತ್ರಿ ಮಾಡಿ, ಟ್ರಾನ್ಸ್‌ಫಾರ್ಮರನ್ನು 45 ಡಿಗ್ರಿ ತಿರುಗಿಸಿ, ಮತ್ತೆ ಹಾಕಿ ಕೇಳಿ. ಒಂದು ಕೋನದಲ್ಲಿ ಸದ್ದು ತಗ್ಗುತ್ತೆ. ದೂರ ಅದಕ್ಕಿಂತ ಒಳ್ಳೆಯ ಮದ್ದು: ದೂರ ಎರಡರಷ್ಟಾದರೆ ಕ್ಷೇತ್ರ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತೆ. ಫೋನೋಗೆ ಸಪ್ಲೈಯನ್ನು ಬೇರೆ ಡಬ್ಬಿಯಲ್ಲೇ ಇಟ್ಟು, ಒಂದು ಮೀಟರ್ ಕೇಬಲ್ಲಿನಲ್ಲಿ ಪ್ಲಸ್, ಮೈನಸ್, ಗ್ರೌಂಡ್ ಕಳಿಸುವುದು ಅತ್ಯುತ್ತಮ. ಕಬ್ಬಿಣದ ಡಬ್ಬಿ ಕಾಂತಕ್ಷೇತ್ರವನ್ನು ತಡೆಯುತ್ತೆ, ಅಲ್ಯೂಮಿನಿಯಂ ಹೆಚ್ಚುಕಮ್ಮಿ ತಡೆಯುವುದೇ ಇಲ್ಲ.

ಬೆಸುಗೆಕಡ್ಡಿ

ಬೇರೆ ಡಬ್ಬಿ ಮಾಡ್ತೀನಿ. ರೆಗ್ಯುಲೇಟರ್ ಯಾವ ಡಬ್ಬಿಯಲ್ಲಿರಬೇಕು?

ಮಲೆನಾಡ_ಓಂ

ಬ್ರಿಜ್, ಫಿಲ್ಟರ್, ರೆಗ್ಯುಲೇಟರ್ ಮೂರೂ ಸಪ್ಲೈ ಡಬ್ಬಿಯಲ್ಲೇ ಇರಲಿ. ಪಲ್ಸ್ ಕರೆಂಟ್ ಕೇಬಲ್ ದಾಟಿ ಆಚೆ ಬರಕೂಡದು. ಆಂಪ್ ಬೋರ್ಡಿನಲ್ಲಿ ಪ್ರತಿ ರೈಲಿಗೆ 10 ಓಂ ಸೀರೀಸ್, ಅದರ ಮುಂದೆ 100 ಎಂಎಫ್‌ಡಿ 25 ವೋಲ್ಟ್. ಪ್ರತಿ ಐಸಿಯ 8ರಿಂದ 4ನೇ ಕಾಲಿಗೆ ನೇರ ಒಂದು 104, ಸಾಕೆಟ್ಟಿನ ಕೆಳಗೇ. ಕನೆಕ್ಟರಿನಲ್ಲಿ ಸಪ್ಲೈ ಡಬ್ಬಿಯ ಕಡೆ ತೂತಿನದು, ಪಿನ್ ಇರೋದು ಕೇಬಲ್ ಕಡೆ, ಕಳಚಿದಾಗ ಬೆರಳಿಗೂ ಡಬ್ಬಿಗೂ ರೈಲು ತಾಗಬಾರದು. ಗ್ರೌಂಡಿಗೆ ಎರಡು ಪಿನ್ ಕೊಡಿ. ಗ್ರೌಂಡ್ ಒಂದೇ ಕಳಚಿಕೊಂಡರೆ ಎರಡು ರೈಲು ಸೇರಿ 30 ವೋಲ್ಟ್ ಆಂಪಿನ ಮೇಲೆ ತೇಲಾಡುತ್ತೆ, ಔಟ್‌ಪುಟ್‌ನಲ್ಲಿ ಜೋರಾಗಿ ಡಪ್ ಅನ್ನುತ್ತೆ, ಮುಂದಿನ ಪವರ್ ಆಂಪಿಗೂ ಸ್ಪೀಕರಿಗೂ ಅದು ಒಳ್ಳೆಯದಲ್ಲ.